ಮೋಟಿ ತರದ ಸೊಸೆ

ನಮ್ಮೂರಿನ ಜನರಿಗೆ ಸಂಜೆಯಾದರೆ ಮನೆ ಮರೆಯುತ್ತದೆ. ಮಾಡುವ ಕೆಲಸ ಗೊತ್ತಿರುತ್ತದೆ, ಎದುರಿಗಿರುವವನ ಹೆಸರು ಗೊತ್ತಿರುತ್ತದೆ, ಅವನು ಹೋದ ಹಬ್ಬದಲ್ಲಿ ಆಡಿದ ಚುಚ್ಚುಮಾತು ಕೂಡ ಚೆನ್ನಾಗಿ ನೆನಪಿರುತ್ತದೆ. ಮನೆಯೊಂದು ಮಾತ್ರ ಇರುವುದಿಲ್ಲ. ಹೊತ್ತು ಮುಳುಗುತ್ತಿದ್ದ ಹಾಗೆ ಏನೋ ಮಾಡಬೇಕಿತ್ತಲ್ಲ ಅನ್ನಿಸುತ್ತದೆ. ಅದೇನೆಂದು ಹೊಳೆಯದೆ ಕೂತಲ್ಲೇ ಕೂತಿರುತ್ತೇವೆ. ಆಗ ನಾಯಿ ಬರುತ್ತದೆ. ಮೊಣಕಾಲಿಗೆ ಮೂಗು ತಾಗಿಸಿ, ಬೆನ್ನ ಹಿಂದೆ ಒಂದು ಸುತ್ತು ಬಂದು, ನಮ್ಮನ್ನು ಎಬ್ಬಿಸಿ ಮನೆಗೆ ಹೊಡೆದುಕೊಂಡು ಹೋಗುತ್ತದೆ. ಹೀಗೆಯೇ ನಮ್ಮಪ್ಪ, ಅವರಪ್ಪ ಎಲ್ಲರೂ ಬಾಳಿ ಹೋದರು. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ನಮಗೆ ಕಂಡಿಲ್ಲ.

ಈ ನಾಯಿಗಳಿಗೆ ಬಳಸುನಾಯಿ ಎಂದು ಹೆಸರು. ಸುತ್ತು ಬಳಸಿ ಬರುವುದರಿಂದ ಹಾಗೆ. ಕುಳ್ಳು ಕಾಲು, ಜೂಲು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡು. ಒಂದು ಕಾಲದಲ್ಲಿ ಇವು ಕುರಿ ಕಾಯುತ್ತಿದ್ದವಂತೆ. ಕುರಿಗಳು ಯಾವಾಗ ಹೋದವೋ ಯಾರಿಗೂ ನೆನಪಿಲ್ಲ, ನಾಯಿಗಳು ಉಳಿದವು. ಈಗ ಹೊಳೆಯಾಚೆಯ ಜನಕ್ಕೂ ಈ ಜಾತಿಯ ಹುಚ್ಚು ಹತ್ತಿದೆ. ವರ್ಷಕ್ಕೊಮ್ಮೆ ಬಂದು, ಮರಿಗಳನ್ನು ಎದೆಗೆ ಅವಚಿಕೊಂಡು ಫೋಟೊ ತೆಗೆಸಿಕೊಂಡು ಒಯ್ಯುತ್ತಾರೆ. ಅಲ್ಲಿ ಅವು ಬೇರೆ ಕೆಲಸವಿಲ್ಲದೆ ಸೋಫಾದ ಸುತ್ತ ಓಡುತ್ತಿರುತ್ತವೆ ಎಂದು ಕೇಳಿದ್ದೇನೆ. ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ ಎಂದು ಕೇಳುವ ಜನ ಅವರು. ನಮ್ಮಲ್ಲಿ ನಾಯಿ ಬೊಗಳಿದರೆ ಪಂಚಾಯಿತಿ ಸೇರುತ್ತದೆ.

ಅವರು ಬರುವುದು ಬಳಸಿನ ದಿನಕ್ಕೆ. ಅದು ನಾಯಿಗಳ ಹಬ್ಬ. ಬೆಳಿಗ್ಗೆ ನಾಯಿಗೆ ಸೀಗೆಪುಡಿ ಹಚ್ಚಿ ಮೀಯಿಸುತ್ತೇವೆ, ಹಣೆಗೆ ಅರಿಶಿನ ಇಡುತ್ತೇವೆ, ತುಪ್ಪ ಹಾಕಿದ ಮುದ್ದೆಯನ್ನು ಮೊದಲು ಅದಕ್ಕೆ ಕೊಟ್ಟು ಆಮೇಲೆ ನಾವು ಉಣ್ಣುತ್ತೇವೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಡೀ ಊರು ಬಯಲಿಗೆ ಬಂದು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ, ಕಲಸುಮೇಲೋಗರವಾಗಿ ನಿಂತುಕೊಳ್ಳುತ್ತದೆ. ತಮಟೆ ಬಡಿದ ಕೂಡಲೇ ನಾಯಿಗಳನ್ನು ಬಿಡುತ್ತಾರೆ. ಒಂದೊಂದು ನಾಯಿಯೂ ಗುಂಪಿನೊಳಗೆ ನುಗ್ಗಿ ತನ್ನ ಮನೆಯವರನ್ನು ಆರಿಸಿ ತಂದು ಒಂದು ಕಡೆ ಕೂರಿಸಿ ಸುತ್ತು ಹಾಕುತ್ತದೆ. ಎರಡನೆಯ ತಮಟೆ ಬಡಿಯುವಾಗ ಯಾವ ಸುತ್ತಿನೊಳಗೆ ಯಾರಿದ್ದಾರೋ ಅವರೇ ಆ ಮನೆಯವರು. ಹೊರಗಿನಿಂದ ಮದುವೆಯಾಗಿ ಬಂದವರಿಗೆ ಮೂರು ಬಳಸಿನ ಅವಕಾಶ. ಮೂರರಲ್ಲೂ ನಾಯಿ ತರದಿದ್ದರೆ, ಸೀರೆ, ಅಕ್ಕಿ, ಬೆಲ್ಲ ಕೊಟ್ಟು, ಮರ್ಯಾದೆಯಿಂದಲೇ, ಹೊಳೆ ದಾಟಿಸಿ ಬಿಡುತ್ತಾರೆ. ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಹೊಸ ಸೊಸೆಯನ್ನು ಮೊದಲ ವರ್ಷವೇ ನಾಯಿ ತಂದು ಅತ್ತೆಯ ಮಗ್ಗುಲಿಗೆ ಕೂರಿಸುತ್ತದೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮೂರಲ್ಲಿ ‘ಸಾಕು’ ಎಂಬ ಪದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ, ನಾಯಿಗೆ ಓದಲು ಬಾರದು. ಕುರಿ ಕಾಯುವ ಕಾಲದಿಂದಲೂ ನಾಯಿಗೆ ಕೆಲಸ ಮುಗಿಯಿತು, ಇನ್ನು ಹೋಗು ಎನ್ನಲು ಇದ್ದ ಮಾತು ಅದು. ಯಾರ ಬಾಯಿಂದ ಅದು ಬರುತ್ತದೋ ಅವರ ಮಟ್ಟಿಗೆ ತನ್ನ ಕೆಲಸ ತೀರಿತು ಎಂದು ನಾಯಿ ತಿಳಿಯುತ್ತದೆ. ಆದ್ದರಿಂದ ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಅಂಗಡಿಯಲ್ಲಿ ಅಕ್ಕಿ ಸುರಿಯುವವನಿಗೆ ಅಂಗೈ ತೋರಿಸುತ್ತಾರೆ. ಸಾಕಿದ ನಾಯಿ ಎನ್ನದೆ ಬೆಳೆಸಿದ ನಾಯಿ ಎನ್ನುತ್ತಾರೆ. ಜಗಳವಾಡುವಾಗ ನಿನ್ನ ಸಹವಾಸವೇ ಸಾಕು ಎನ್ನುವಂತಿಲ್ಲ, ಹಾಗಾಗಿ ನಮ್ಮೂರಿನ ಜಗಳಗಳು ಮುಗಿಯುವುದಿಲ್ಲ. ಭಾಷಣಗಳ ಪಾಡೂ ಅದೇ.

ನಮ್ಮ ಮನೆಯಲ್ಲಿ ನಾವು ಮೂರು ಜನ ಇದ್ದೆವು. ಅವ್ವ ಕ್ಯಾತವ್ವ, ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವ ಅಣ್ಣ ಜುಂಜಣ್ಣ, ಮತ್ತು ನಾನು, ಮೈಲಾರಿ. ನನ್ನದು ಪೇಟೆ ಬೀದಿಯಲ್ಲಿ ಗೋಲಿ ಸೋಡಾ ಅಂಗಡಿ. ನಾಯಿಯ ಹೆಸರು ಮೋಟಿ, ಹುಟ್ಟಿದಾಗಿನಿಂದಲೇ ಬಾಲ ಗಿಡ್ಡ. ಅವ್ವನಿಗೆ ನಾಯಿಯ ವಿಷಯದಲ್ಲಿ ಊರಲ್ಲಿ ದೊಡ್ಡ ಹೆಸರು. ಯಾರ ಮನೆಯ ಮರಿ ದಾರಿ ತಪ್ಪಿದರೂ ಅವ್ವನ ಹತ್ತಿರವೇ ತರಬೇಕು. ಹಿಂದೆ ಗಾಣದವರ ಮನೆಯ ಸೊಸೆಯನ್ನು ನಾಯಿ ಮೂರು ವರ್ಷವೂ ತರದೆ ಹೋದಾಗ, ಊರಿನವರು ಇನ್ನೊಂದು ವರ್ಷ ನೋಡೋಣ ಎಂದು ಮೆತ್ತಗಾಗಿದ್ದರು. ನಾಯಿ ಹೇಳಿದ್ದು ಸುಳ್ಳಾಗಲ್ಲ ಎಂದು ಖಡಾಖಂಡಿತ ಹೇಳಿ ಆ ಹುಡುಗಿಯನ್ನು ಹೊಳೆ ದಾಟಿಸಿದವರು ಅವ್ವ.

ಅಣ್ಣ ಹೊಳೆಯಾಚೆಯಿಂದ ಅನಸೂಯ ಎಂಬುವವರನ್ನು ಮದುವೆಯಾಗಿ ಬಂದ. ಬೀಗರ ಊಟದ ದಿನ ಅತ್ತಿಗೆಯ ಎಲೆಗೆ ಅವ್ವ ತಾವೇ ತುಪ್ಪ ಬಡಿಸಲು ಬಂದರು. ಅವ್ವನದು ಧಾರಾಳದ ಕೈ. ಕೈ ಅಡ್ಡ ಹಿಡಿಯಬೇಕೆಂದು ಅತ್ತಿಗೆಗೆ ಯಾರೂ ಹೇಳಿರಲಿಲ್ಲ. ಅವ್ವ ಹೇಳಿರುತ್ತಾರೆ ಎಂದು ಅಣ್ಣ ತಿಳಿದಿದ್ದ, ಮಗ ಹೇಳಿರುತ್ತಾನೆ ಎಂದು ಅವ್ವ ತಿಳಿದಿದ್ದರು. ಹುಟ್ಟಿದವರೆಲ್ಲ ಉಸಿರಾಡುವ ಹಾಗೆ ಎಲ್ಲರಿಗೂ ಇದು ಗೊತ್ತಿರುತ್ತದೆ ಎಂಬ ಭ್ರಮೆ ನಮ್ಮೂರಿನವರಿಗೆ. ತುಪ್ಪ ಅನ್ನ ದಾಟಿ ಪಲ್ಯದ ಕಡೆ ಹರಿಯಿತು.

“ಸಾಕು ಸಾಕು ಅತ್ತೆ,” ಎಂದರು ಅತ್ತಿಗೆ, ನಗುತ್ತ.

ಪಂಕ್ತಿಯಲ್ಲಿ ಅಗಿಯುವ ಸದ್ದು ನಿಂತಿತು. ಹೊಸಿಲ ಹತ್ತಿರ ಮಲಗಿದ್ದ ಮೋಟಿ ಎದ್ದು ಅತ್ತಿಗೆಯ ಮುಖ ನೋಡಿತು. ಆ ಗಿಡ್ಡ ಬಾಲವನ್ನು ಒಮ್ಮೆ ಆಡಿಸಿ, ಒಪ್ಪಿಸಿದ ಕೆಲಸ ಮುಗಿಸಿದವರ ಹಾಗೆ ಹೊರಗೆ ಹೋಯಿತು.

ಅಂದಿನಿಂದ ಮೋಟಿಗೆ ಅತ್ತಿಗೆಯ ಮೇಲೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಅವರು ಕೊಟ್ಟರೆ ತಿನ್ನುತ್ತಿತ್ತು, ತಲೆ ಸವರಿದರೆ ಸವರಿಸಿಕೊಳ್ಳುತ್ತಿತ್ತು. ಸಂಜೆ ಮಾತ್ರ ಅವರನ್ನು ತರುತ್ತಿರಲಿಲ್ಲ. ಅತ್ತಿಗೆಗೆ ಅದರಿಂದ ತೊಂದರೆಯೇನೂ ಆಗಲಿಲ್ಲ, ಹೊಳೆಯಾಚೆಯವರಿಗೆ ಸಂಜೆಯ ಈ ಮರೆವು ಇಲ್ಲ. ಕಟ್ಟೆಗೆ ಬಟ್ಟೆ ಒಗೆಯಲು ಹೋದವರು ಹೊತ್ತಾದರೆ ತಾವೇ ಎದ್ದು ಮನೆಗೆ ಬರುತ್ತಿದ್ದರು. ಒಬ್ಬ ಹೆಂಗಸು ನಾಯಿಯಿಲ್ಲದೆ ಮುಸ್ಸಂಜೆಯಲ್ಲಿ ಬೀದಿಯಲ್ಲಿ ನೆಟ್ಟಗೆ ನಡೆದು ಬರುವುದು ನೆರೆಹೊರೆಯವರಿಗೆ ಕೊಂಚ ಅಸಭ್ಯವಾಗಿ ಕಂಡಿತು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಮೊದಲ ಬಳಸಿನ ದಿನ ಮೋಟಿ ಅವರನ್ನು ತರಲಿಲ್ಲ. ಹೊಸದಲ್ಲವೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಎರಡನೆಯ ವರ್ಷವೂ ತರಲಿಲ್ಲ, ಆಗ ಯಾರೂ ಏನೂ ಹೇಳಲಿಲ್ಲ. ಅಣ್ಣನಿಗೆ ಜೀವ ಹಾರಿಹೋದಂತಾಯಿತು. ಹೆಂಡತಿಯ ಹಳೆಯ ಸೀರೆಯನ್ನು ನಾಯಿಗೆ ಹಾಸಿದ. ಅವರ ಕೈಯಿಂದಲೇ ದಿನಾ ಮೂಳೆ ಹಾಕಿಸಿದ. ಮೋಟಿ ಆ ಸೀರೆಯ ಮೇಲೆ ಸುಖವಾಗಿ ಮಲಗಿ ಮೂಳೆ ಕಡಿಯಿತು. ಉಂಡ ಮನೆಗೆ ಎರಡು ಬಗೆಯುವ ನಾಯಿ ಎಂದು ಅಣ್ಣ ಒಂದು ದಿನ ಬೈದೂ ಬಿಟ್ಟ. ಬೈದ ಮೇಲೆ ಹೆದರಿ ಅದರ ತಲೆ ಸವರಿದ.

ಅವ್ವ ಮತ್ತು ಅತ್ತಿಗೆ ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತಿದ್ದರು. ಸಾರಿಗೆ ಉಪ್ಪು, ಒಲೆಗೆ ಸೌದೆ, ಹಿಟ್ಟಿಗೆ ನೀರು, ಯಾವುದಾದರೂ ಆಗುತ್ತಿತ್ತು. ಅವ್ವ ಅಷ್ಟು ಹೊತ್ತು ಯಾರ ಹತ್ತಿರವೂ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಇದ್ದಾಗ ಕೂಡ ನೋಡಿರಲಿಲ್ಲ. ಇಬ್ಬರಿಗೂ ಗಂಟಲು ಒಣಗಿದರೆ ಒಬ್ಬರು ಇನ್ನೊಬ್ಬರಿಗೆ ಮಜ್ಜಿಗೆ ಕೊಟ್ಟು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ಮೂರನೆಯ ಬಳಸಿನ ಹಿಂದಿನ ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅತ್ತಿಗೆ ಟ್ರಂಕಿನ ಮುಂದೆ ಕೂತು ಸೀರೆ ಮಡಚುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತಿದ್ದರು.

“ಏನ್ ಮಾಡ್ತಿದ್ದೀಯ?”

“ನಾಡಿದ್ದು ಹೊಳೆ ದಾಟ್ಬೇಕಲ್ಲ ಅತ್ತೆ. ಕೊನೇ ಗಳಿಗೇಲಿ ಯಾಕೆ ಪರದಾಡೋದು ಅಂತ.”

“ಮಡಚೋದಾದ್ರೆ ನೆಟ್ಟಗೆ ಮಡಚು. ಅತ್ತೆ ಮನೇಲಿ ಇಷ್ಟೂ ಕಲಿಸ್ಲಿಲ್ವಾ ಅಂತ ನಿಮ್ಮೋರು ಆಡ್ಕೊಂಡಾರು.”

ಅವ್ವ ಬಂದು ಕೂತು, ಮಡಚಿದ್ದನ್ನೆಲ್ಲ ಬಿಚ್ಚಿ, ಮತ್ತೆ ಮೊದಲಿನಿಂದ ಮಡಚತೊಡಗಿದರು. ಅವ್ವನಿಗೆ ಬಟ್ಟೆ ಮಡಚಲು ಬರುವುದಿಲ್ಲ. ಒಂದು ಸೀರೆ ಮಡಚಿ, ಅದು ಓರೆಯಾಯಿತೆಂದು ಬಿಚ್ಚಿ, ಇನ್ನೊಮ್ಮೆ ಮಡಚಿ, ಮತ್ತೆ ಬಿಚ್ಚಿದರು. ನಾನು ಉಂಡು ಕೈ ತೊಳೆದು ಬಂದಾಗಲೂ ಟ್ರಂಕು ಖಾಲಿಯೇ ಇತ್ತು.

“ನಾಯಿ ಈ ಸಲ ತಂದ್ರೂ ತರಬಹುದು ಬಿಡವ್ವಾ,” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ತರಾಕಿಲ್ಲ,” ಎಂದರು ಅವ್ವ. “ನಾಯಿ ಬುದ್ಧಿ ನನಗೆ ಗೊತ್ತಿಲ್ವಾ? ಇವಳು ಹೋದ್ರೆ ನಾನು ಯಾರ ಜತೆ ಜಗಳ ಆಡ್ಲಿ ಹೇಳು. ನಿನ್ನ ಜತೆಗಾ? ಎರಡು ಮಾತಿಗೇ ಬಾಟ್ಲಿ ತೊಳೀಬೇಕು ಅಂತ ಎದ್ದು ಹೋಗ್ತೀಯ.”

ಅತ್ತಿಗೆ ತಲೆ ತಗ್ಗಿಸಿದರು. ನಾನು ಬಾಟಲಿ ತೊಳೆಯಲು ಎದ್ದು ಹೋದೆ.

ಬಳಸಿನ ದಿನ ಬಿಸಿಲು ಚುರುಕಾಗಿತ್ತು. ಹೊಳೆಯಾಚೆಯ ಜನ ಬಣ್ಣದ ಛತ್ರಿ ಹಿಡಿದು ಬಯಲಿನ ಅಂಚಿಗೆ ಸಾಲಾಗಿ ನಿಂತಿದ್ದರು. ನನ್ನ ಸೋಡಾ ಮಧ್ಯಾಹ್ನಕ್ಕೇ ಖಾಲಿಯಾಗಿತ್ತು. ಬಳಸಿನ ಯಜಮಾನ ಕಾಟಯ್ಯ ಕಂಬಳಿ ಹಾಸಿದ ಕಲ್ಲಿನ ಮೇಲೆ ಕೂತು, ನಾಯಿಗಳ ಗುಣಗಾನ ಮಾಡಿದ. ಯಾರೂ ನಿಲ್ಲಿಸುವಂತಿರಲಿಲ್ಲವಾದ್ದರಿಂದ ಅದು ಬಹಳ ಹೊತ್ತು ನಡೆಯಿತು. ಆಮೇಲೆ ತಮಟೆ ಬಡಿಯಿತು.

ಬಳಸುನಾಯಿ ಕೆಲಸ ಮಾಡುವುದನ್ನು ನೋಡುವುದು ಚೆಂದ. ಬೊಗಳುವುದಿಲ್ಲ, ಕಚ್ಚುವುದಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ ಓಡಿ ಬಂದು, ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತದೆ. ನಮ್ಮ ಕಾಲು ತಾನಾಗಿ ನಡೆಯುತ್ತದೆ. ಮೋಟಿ ಮೊದಲು ಅಣ್ಣನನ್ನು ತಂದಿತು, ಆಮೇಲೆ ನನ್ನನ್ನು, ಕೊನೆಗೆ ಅವ್ವನನ್ನು. ಮೂವರನ್ನೂ ಕೂರಿಸಿ ಸುತ್ತ ಓಡಿ, ನಾಲಿಗೆ ಚಾಚಿ ನಮ್ಮೆದುರು ಕೂತಿತು. ಅದರ ಲೆಕ್ಕ ಮುಗಿದಿತ್ತು.

ಸ್ವಲ್ಪ ಹೊತ್ತಿಗೆ ಊರೆಲ್ಲ ಸುತ್ತುಗಳಾಗಿ ಕೂತುಬಿಟ್ಟಿತು. ನಡುವೆ ಖಾಲಿಯಾದ ಬಯಲಿನಲ್ಲಿ ಅತ್ತಿಗೆ ಒಬ್ಬರೇ ನಿಂತಿದ್ದರು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಜನ ಮರ್ಯಾದೆಗಾಗಿ ಬೇರೆ ಕಡೆ ನೋಡಿದರು. ಅಣ್ಣ ಮಂಡಿಗಳ ನಡುವೆ ಮುಖ ಹುದುಗಿಸಿದ. ಹೀಗಾಗುತ್ತದೆ ಎಂದು ಮೂರು ವರ್ಷದಿಂದ ಗೊತ್ತಿದ್ದರೂ ಆಗುವಾಗ ನೋಡುವುದು ಬೇರೆ.

ಆಗ ಅವ್ವ ನೆಲಕ್ಕೆ ಕೈಯೂರಿ ಎದ್ದರು. ಎದ್ದು ಅತ್ತಿಗೆಯ ಕಡೆ ನಡೆದರು.

ಮೋಟಿ ತಕ್ಷಣ ಹಿಂದೆ ಓಡಿ, ಬಳಸಿ, ಎದುರು ನಿಂತು ಅವ್ವನನ್ನು ವಾಪಸು ತಂದಿತು. ಅವ್ವ ಕೂತರು, ಕೂತ ಹಾಗೆ ಮಾಡಿ ಮತ್ತೆ ಎದ್ದರು. ಮತ್ತೆ ತಂದಿತು. ಮತ್ತೆ ಎದ್ದರು. ಮೊದಮೊದಲು ಹೊಳೆಯಾಚೆಯವರು ಚಪ್ಪಾಳೆ ತಟ್ಟಿ ನಕ್ಕರು, ಇದೂ ಆಟದ ಭಾಗ ಎಂದುಕೊಂಡಿರಬೇಕು. ನಮ್ಮೂರಿನವರು ನಗಲಿಲ್ಲ. ನಾಯಿಯ ಕಣ್ಣಿಗೆ ಎದುರಾಗಿ ನಡೆಯುವುದೆಂದರೆ ಎದೆಮಟ್ಟದ ನೀರಿನಲ್ಲಿ ನಡೆದ ಹಾಗೆ, ಕಾಲು ಏಳುವುದಿಲ್ಲ. ಅವ್ವನ ಮಂಡಿ ಮೊದಲೇ ಸರಿಯಿಲ್ಲ. ಕೊನೆಗೊಮ್ಮೆ ಅವ್ವ ನಾಯಿಯ ಕಣ್ಣು ತಪ್ಪಿಸಲು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕುರುಡರ ಹಾಗೆ ತಡವರಿಸುತ್ತ ಹೋಗಿ ಅತ್ತಿಗೆಯ ಕಾಲ ಬುಡದಲ್ಲಿ ಧೊಪ್ಪನೆ ಕೂತುಬಿಟ್ಟರು. ಅತ್ತಿಗೆಯ ಮಣಿಕಟ್ಟು ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು.

ಬಾರದ ಕುರಿಯನ್ನು ಬಿಟ್ಟು ಬರುವುದು ಈ ಜಾತಿಯ ಗುಣವಲ್ಲ. ಅದು ಬಾರದಿದ್ದರೆ ಮಂದೆಯನ್ನೇ ಅದರ ಹತ್ತಿರಕ್ಕೆ ಒಯ್ಯುತ್ತದೆ. ಮೋಟಿ ಬಂದು ಅಣ್ಣನನ್ನೂ ನನ್ನನ್ನೂ ಎಬ್ಬಿಸಿ ಅವ್ವನ ಬಳಿಗೆ ತಂದು ಕೂರಿಸಿತು. ಆಮೇಲೆ ಸುತ್ತು ಹಾಕಲು ಹೊರಟಿತು. ಅತ್ತಿಗೆಯನ್ನು ಹೊರಗಿಟ್ಟು ಸುತ್ತಬೇಕೆಂದರೆ ಅವ್ವನಿಗೂ ಅವರಿಗೂ ನಡುವೆ ಹಾಯಬೇಕು. ಅಲ್ಲಿ ಅವ್ವನ ಕೈ ಇತ್ತು. ಮೋಟಿ ಮೂಗು ತೂರಿಸಿ ನೋಡಿತು, ಹಿಂದಕ್ಕೆ ಬಂದು ಇನ್ನೊಂದು ಕಡೆಯಿಂದ ನೋಡಿತು.

ಕಾಟಯ್ಯ ಕಲ್ಲಿನಿಂದ ಇಳಿದು ಬಂದ. “ಕ್ಯಾತಕ್ಕಾ, ಕೈ ಬಿಡು. ನಾಯಿ ಕೆಲಸ ನಾಯಿ ಮಾಡ್ಲಿ.”

“ಮಾಡ್ತೈತಲ್ಲಪ್ಪ. ನಾನೇನು ಬ್ಯಾಡ ಅಂದ್ನಾ? ನನ್ನ ಕೆಲಸ ನಾನು ಮಾಡ್ತಿದ್ದೀನಿ.”

“ಗಾಣದೋರ ಹುಡುಗಿ ಟೇಮಲ್ಲಿ ನೀನೇ ತಾನೆ ಅಂದಿದ್ದು? ನಾಯಿ ಹೇಳಿದ್ದು ಸುಳ್ಳಾಗಲ್ಲ ಅಂತ?”

ಆ ಮಾತು ಅವ್ವನಿಗೆ ತಾಗಿತ್ತು, ಮುಖದಲ್ಲಿ ಕಂಡಿತು. “ಈಗ್ಲೂ ಸುಳ್ಳು ಅನ್ನಾಕಿಲ್ಲ,” ಎಂದರು. “ನಾಯಿಗೆ ಇವಳು ಬ್ಯಾಡ. ಅದು ನಿಜಾನೇ ಹೇಳ್ತೈತೆ. ನನಗೆ ಬೇಕು.”

“ಅತ್ತೆ, ಬಿಡಿ,” ಎಂದರು ಅತ್ತಿಗೆ. ಅಳುತ್ತಿದ್ದರು. “ನನ್ನಿಂದ ನಿಮಗೆಲ್ಲ ಯಾಕೆ ತೊಂದ್ರೆ.”

“ನೀ ಬಾಯಿ ಮುಚ್ಚು. ನೀ ಬಾಯಿ ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

ಮೋಟಿ ಇನ್ನೊಂದು ಸಲ ಸುತ್ತಿ ಬಂತು. ಬಂದು ಆ ಕೈಯ ಮುಂದೆ ನಿಂತು, ಅವ್ವನ ಮುಖವನ್ನು ನೋಡಿ, ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿಬಿಟ್ಟಿತು. ಬಯಲಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಬಳಸುನಾಯಿ ಕೆಲಸದ ನಡುವೆ ಮಲಗುವುದಿಲ್ಲ. ಮಲಗಿದರೆ ಅದು ಮತ್ತೆ ಯಾರನ್ನೂ ತರುವುದಿಲ್ಲ, ಮತ್ತು ಅಂಥ ಮನೆಗೆ ಬೇರೆ ನಾಯಿಯೂ ಹತ್ತುವುದಿಲ್ಲ. ಹಿಂದೆ ಹಾಗಾದ ಮನೆಯ ಗಂಡಸೊಬ್ಬ ಸಂಜೆ ಕೆರೆ ಏರಿಯ ಮೇಲೆ ಕೂತವನು, ಎದುರಿಗೇ ಅವನ ಮನೆಯ ದೀಪ ಕಾಣುತ್ತಿದ್ದರೂ, ಚಳಿಯಲ್ಲಿ ಕೂತ ಹಾಗೆಯೇ ತೀರಿಹೋಗಿದ್ದನಂತೆ. ಅವ್ವನಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೈ ಬಿಡಲಿಲ್ಲ.

ಎರಡನೆಯ ತಮಟೆ ಬಡಿಯಿತು. ಕಾಟಯ್ಯ ತಲೆ ಕೆರೆದುಕೊಂಡ. ಹಿರಿಯರೊಂದಿಗೆ ಪಿಸುಗುಟ್ಟಿ ಬಂದು, ನಾಯಿಯೇ ಇಲ್ಲದ ಮನೆಯಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸಲು ಆಗುವುದಿಲ್ಲ, ನಿಮ್ಮನ್ನು ನೀವೇ ನೋಡಿಕೊಳ್ಳಿ ಎಂದ. ಹೇಳಿದವನು ಅವ್ವನ ಮುಖ ನೋಡಲಿಲ್ಲ. ನಮ್ಮ ಪಕ್ಕದ ಸುತ್ತಿನವರು ಎದ್ದು ಸ್ವಲ್ಪ ದೂರ ಸರಿದು ಕೂತರು.

ಜನ ಚದುರಿದರು. ಅಣ್ಣ ಯಾರ ಕಣ್ಣಿಗೂ ಬೀಳಬಾರದೆಂದು ಸುಣ್ಣದ ಗೂಡಿನ ಕಡೆ ಹೋದ. ನಾನು ಅಂಗಡಿಗೆ ಹೋಗಿ ಖಾಲಿ ಬಾಟಲಿಗಳನ್ನು ತೊಳೆಯಲು ಕೂತೆ. ಹೆದರಿಕೆಯಾಗಿತ್ತು. ಮನೆಯ ಹೆಂಚು, ಜಗಲಿ, ಬಾಗಿಲ ಚಿಲಕ ಎಲ್ಲವನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಾಟಲಿ ತೊಳೆದೆ. ಹೊತ್ತು ಇಳಿಯಿತು. ಎದುರು ಅಂಗಡಿಯ ದರ್ಜಿಯನ್ನು ಅವನ ನಾಯಿ ಬಂದು ಎಬ್ಬಿಸಿಕೊಂಡು ಹೋಯಿತು. ಬೀದಿಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನಾನು ಏನನ್ನೋ ಹೇಳಿಕೊಳ್ಳುತ್ತಿದ್ದೆ, ಹೆಂಚು, ಚಿಲಕ, ಎಂದು. ಯಾತಕ್ಕೆ ಹೇಳಿಕೊಳ್ಳುತ್ತಿದ್ದೇನೆಂದು ತಿಳಿಯಲಿಲ್ಲ. ಬಾಟಲಿಗಳೆಲ್ಲ ತೊಳೆದಾಗಿತ್ತು. ಅವನ್ನೇ ಮತ್ತೆ ತೊಳೆಯತೊಡಗಿದೆ.

ಆಗ ಬೀದಿಯ ಆ ಕೊನೆಯಿಂದ ಒಂದು ದನಿ ಬಂತು.

“ಮೈಲಾರಣ್ಣಾ…!”

ನಮ್ಮೂರಲ್ಲಿ ಹೆಸರನ್ನು ಎದುರಿಗೆ ಇದ್ದವರಿಗೆ ಹೇಳುತ್ತೇವೆ. ದೂರದಲ್ಲಿರುವವರನ್ನು ತರಲು ನಾಯಿಗಳಿವೆ. ಹೀಗೆ ಹೆಸರನ್ನು ಎಳೆದು ಬೀದಿಗೆ ಬಿಡುವುದನ್ನು ನಾನು ಕೇಳಿಯೇ ಇರಲಿಲ್ಲ. ಯಾರನ್ನು ಕರೆಯುತ್ತಿದ್ದಾರೆ ಎಂದು ಯೋಚಿಸಿದೆ.

“ಮೈಲಾರಣ್ಣಾ…! ಊಟಕ್ಕೆ ಬನ್ನೀ…!”

ಜೊತೆಗೆ ಇನ್ನೊಂದು ದನಿ, ಒರಟಾದದ್ದು. “ಲೋ ಜುಂಜಾ! ಎಲ್ಲಿ ಸತ್ತಿದ್ದೀಯೋ? ಗಂಡನ ಹೆಸರು ಹೇಳಾಕೆ ಇವಳಿಗೆ ನಾಚಿಕೆ, ನಾನು ಬಾಯಿ ಬಡ್ಕೋಬೇಕಾಗೈತೆ!”

ಕೈಯಿಂದ ಬಾಟಲಿ ಜಾರಿತು. ನನಗೆ ಒಲೆ ನೆನಪಾಯಿತು, ಒಲೆಯ ಪಕ್ಕದಲ್ಲಿ ನಾನು ಕೂರುವ ಜಾಗ ನೆನಪಾಯಿತು. ಅಳು ಬಂತು. ಎದ್ದು ಓಡಬೇಕೆನ್ನಿಸಿತು, ಏಳಲಿಲ್ಲ.

ಅವರಿಬ್ಬರೂ ಬಂದರು. ಅವ್ವ ಇನ್ನೂ ಅತ್ತಿಗೆಯ ಮಣಿಕಟ್ಟನ್ನು ಹಿಡಿದೇ ಇದ್ದರು. ಎಲ್ಲಿಗೆ ಬರುತ್ತಿದ್ದೇನೆಂದು ಅವ್ವನಿಗೆ ತಿಳಿದ ಹಾಗಿರಲಿಲ್ಲ, ಆ ಕೈ ಹೋದಲ್ಲಿಗೆ ಹೋಗುತ್ತಿದ್ದರು. ಹಿಂದೆ, ಕೂಗು ಕೇಳಿ ಸುಣ್ಣದ ಗೂಡಿನಿಂದ ಎದ್ದು ಬಂದ ಅಣ್ಣ, ಅವನ ಹಿಂದೆ ಮೋಟಿ, ಕರೆದವರ ಮನೆಗೆ ಮೊದಲ ಸಲ ಹೊರಟ ನೆಂಟರ ಹಾಗೆ ಸಂಕೋಚದಿಂದ.

ಅತ್ತಿಗೆ ಏದುಸಿರು ಬಿಡುತ್ತಿದ್ದರು. “ಆಗ್ಲಿಂದ ಕೂಗ್ತಿದ್ದೀನಿ. ಕೇಳಿಸ್ಲಿಲ್ವಾ?”

“ಕೇಳಿಸ್ತು,” ಎಂದೆ.

“ಮತ್ತೆ ಯಾಕೆ ಬರ್ಲಿಲ್ಲ?”

“ಇನ್ನೊಂದು ಸಲ ಕೂಗ್ತೀರೇನೋ ಅಂತ ಕಾದೆ.”